ಮೇಲೋಣಿಗೆ ಕೊಟ್ಟ ಸೋಸುಬಟ್ಟೆ

ಮುರುಗೇಂದ್ರಪ್ಪನವರು ಚಳ್ಳಕೆರೆಯ ಎಣ್ಣೆ ವ್ಯಾಪಾರಿಗಳ ಮಗ. ಅಂಗಡಿಯಲ್ಲಿ ಕೂರು ಎಂದು ಮನೆಯವರು ಎಷ್ಟು ಬಡಿದುಕೊಂಡರೂ ಕೇಳದೆ ಮದರಾಸಿಗೆ ಹೋಗಿ ಡಾಕ್ಟರಿಕೆ ಕಲಿತರು. ಸಾವಿರದ ಒಂಬೈನೂರ ಹತ್ತರ ಸುಮಾರಿಗೆ ಚಳ್ಳಕೆರೆಗೆ ಹತ್ತಿರದ ತಳಕಿಗೆ ಬಂದು ನೆಲೆಸಿ, ಗಾಡಿ ಕಟ್ಟಿಸಿಕೊಂಡು ಸುತ್ತಲ ಹಳ್ಳಿಗಳನ್ನು ತಿರುಗಿದರು. ಹೆರಿಗೆ, ಜ್ವರ, ಚೇಳು ಕಡಿತ, ಅತ್ತೆಸೊಸೆ ಜಗಳ, ಎಲ್ಲಕ್ಕೂ ಅವರೇ ಬೇಕು.

ಅವರ ಕೈಗೆ ಬಗ್ಗದೆ ಉಳಿದದ್ದು ನಾರುಹುಣ್ಣು ಒಂದೇ. ಬೇಸಿಗೆ ಬಂತೆಂದರೆ ಪಕ್ಕದ ಹಳ್ಳಿಯಲ್ಲಿ ಅರ್ಧ ಊರೇ ಮಲಗುತ್ತಿತ್ತು. ಕಾಲಲ್ಲಿ ಬೊಬ್ಬೆ ಒಡೆದು ದಾರದಂಥ ಹುಳು ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು, ಹರಿದರೆ ಕಾಲು ಊದಿ ಕುಂಬಳಕಾಯಿ. ಹುಣ್ಣಿನ ಕಾಲಲ್ಲೇ ಜನ ಮೆಟ್ಟಿಲುಬಾವಿಗೆ ಇಳಿಯುತ್ತಾರೆ, ಹುಳುವಿನ ಮರಿ ನೀರು ಸೇರುತ್ತದೆ, ಆ ನೀರು ಕುಡಿದವರಿಗೆ ವರ್ಷ ತುಂಬಿದ ಮೇಲೆ ಹುಣ್ಣು ಏಳುತ್ತದೆ ಎಂದು ಡಾಕ್ಟರು ಓದಿದ್ದರು. ಮೆಟ್ಟಿಲು ಮುಚ್ಚಿಸಿ ಎಂದು ಆ ಊರಿನ ಗೌಡರಾದ ಬೊಮ್ಮಲಿಂಗಪ್ಪನವರನ್ನು ಕೇಳಿದರು.

"ನಮ್ಮಜ್ಜ ಕಟ್ಸಿದ ಬಾವಿ ಐತೆ ಅದು. ಪುಸ್ತಕ ಹೇಳ್ತು ಅಂತ ಮುಚ್ಚಕ್ಕಾಗ್ತದಾ? ಕಣ್ಣಿಗೆ ಕಾಣಂಗೆ ತೋರ್ಸ್ರಿ, ಆಮ್ಯಾಲೆ ನೋಡಾನ."

ತೋರಿಸಿಯೇ ಬಿಡುತ್ತೇನೆ ಎಂದು ಡಾಕ್ಟರು ಹಟ ಹಿಡಿದರು. ಮೊಳಕಾಲ್ಮೂರಿನ ನೇಕಾರರಿಂದ ಒತ್ತಾದ ಬಿಳಿ ಹತ್ತಿಬಟ್ಟೆ ನೇಯಿಸಿ, ರವಿಕೆ ಕಣದಷ್ಟಗಲ ಕತ್ತರಿಸಿ, ಶ್ರಾವಣಕ್ಕೆ ಮುಂಚೆ ಊರಿನ ಎರಡು ಓಣಿಗಳಲ್ಲಿ ಮೇಲೋಣಿಯ ಮನೆಮನೆಗೂ ಎರಡೆರಡು ಹಂಚಿದರು. ಇವರು ಸೋಸಿ ಕುಡಿಯಬೇಕು, ಕೆಳೋಣಿಯವರು ಎಂದಿನಂತೆ ಕುಡಿಯಬೇಕು. ಬಾವಿ ಒಂದೇ. ಯಾವ ಓಣಿಯಲ್ಲಿ ಹುಣ್ಣು ಎದ್ದಿತೆಂದು ಗೌಡರೂ ನೋಡಲಿ, ಮದರಾಸಿನ ಗುರುಗಳೂ ನೋಡಲಿ.

ಮದರಾಸಿನ ಆಸ್ಪತ್ರೆಯಲ್ಲಾದರೆ ರೋಗಿ ಎಂದರೆ ಯಾರೋ. ಇಲ್ಲಿ ಕೆಳೋಣಿಯ ಯರ್ರಮ್ಮ ಅವರೇ ಹೆರಿಗೆ ಮಾಡಿಸಿದ್ದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗಾಡಿಗೆ ಅಡ್ಡ ನಿಂತಳು.

"ಮೇಲೋಣಿಯೋರಿಗೆ ಬಟ್ಟೆ ಕೊಟ್ರಂತೆ. ನಾವೇನು ನಿಮಗೆ ಬ್ಯಾರೆಯೋರೇನ್ರಿ?"

"ಮುಂದೆ ಕೊಡ್ತೀನಿ ಕಣಮ್ಮ" ಎಂದರು. ನಿಮ್ಮಲ್ಲಿ ಹುಣ್ಣು ಏಳಲಿ ಎಂದೇ ಕಾಯುತ್ತಿದ್ದೇನೆ ಎನ್ನಲಾಗುತ್ತದೆಯೇ? ದಾರಿಯುದ್ದಕ್ಕೂ ಆ ಕೂಸಿನ ಪುಟ್ಟ ಕಾಲು ಕಣ್ಣಿಗೆ ಕಟ್ಟಿದಂತಾಗಿ, ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಒಂದಿಷ್ಟು ದಿನ ತಡೆದರು. ಕೊನೆಗೆ, ಹಾಳಾಗಿ ಹೋಗಲಿ ಪರೀಕ್ಷೆ ಎಂದು ಉಳಿದ ಬಟ್ಟೆಯನ್ನೆಲ್ಲ ಗಾಡಿಗೆ ಹಾಕಿಕೊಂಡು ಕೆಳೋಣಿಗೆ ಹೋದರು.

ನೋಡಿದರೆ ಅಲ್ಲಿ ಗಡಿಗೆ ಗಡಿಗೆಯ ಬಾಯಿಗೂ ಅದೇ ಬಟ್ಟೆ! ಅಂಚಿಗೆ ಅರಿಶಿನ ಬೇರೆ.

ಯರ್ರಮ್ಮ ನಕ್ಕಳು. "ಪಂಚಮಿಗೆ ತವರಿಗೆ ಹೋಗಿದ್ವಲ್ರಿ. ಮಗಳ ಉಡಿಗೆ ಕಣ ಇಕ್ದಲೆ ಕಳುಸ್ತಾರಾ? ಬರೀ ಬಿಳೇದು ಇಕ್ಕಬಾರ್ದು ಅಂತ ಅರಿಶಿಣ ಹಚ್ಚಿ ಇಕ್ಕಿದ್ರು. ರವಿಕೆ ಹೊಲಿಸ್ಕಬ್ಯಾಡ, ನೀರು ಸೋಸ್ಕಂಡು ಕುಡಿ ಅಂದ್ಲು ನಮ್ಮವ್ವ."

ಮೇಲೋಣಿಯ ಹೆಣ್ಣುಮಕ್ಕಳನ್ನು ಕೆಳೋಣಿಗೆ ಕೊಡುವುದು ಆ ಊರಿನ ವಾಡಿಕೆ. ಅಷ್ಟು ಮನೆಗಳಲ್ಲಿ ಮಜ್ಜಿಗೆ ಕುಡಿದ ಡಾಕ್ಟರಿಗೆ ಅದು ಹೊಳೆಯದೇ ಹೋಯಿತಲ್ಲ! ಪರೀಕ್ಷೆ ಮಣ್ಣುಪಾಲಾದದ್ದಕ್ಕೆ ಸಂಕಟಪಡಬೇಕಾದವರು, ಎದೆಯ ಮೇಲಿನ ಚಪ್ಪಡಿ ಸರಿದವರಂತೆ ಯರ್ರಮ್ಮನ ಜಗುಲಿಯ ಮೇಲೆ ಕೂತು ಮನಸಾರೆ ನಕ್ಕರು.

ಮೊದಲ ಬೇಸಿಗೆಯಲ್ಲಿ, ಬಟ್ಟೆ ಬರುವ ಮುಂಚೆ ಕುಡಿದಿದ್ದ ನೀರಿನ ಹುಣ್ಣುಗಳು ಎದ್ದವು. ಬಟ್ಟೆ ಬಿಡಬೇಡಿರಮ್ಮ ಎಂದು ಡಾಕ್ಟರು ಮನೆಮನೆಗೆ ಹೋಗಿ ಗೋಗರೆದರು. ಮರುವರ್ಷದ ಬೇಸಿಗೆಯಲ್ಲಿ ಓಣಿ ಎರಡೂ ತಣ್ಣಗಿದ್ದವು. ಜನಕ್ಕೆ ಹಬ್ಬ, ಡಾಕ್ಟರಿಗೆ ಹೊಸ ಚಿಂತೆ. ಈ ವರ್ಷ ದೇವರ ದಯೆ ಎಂದು ಗೌಡರು ಕೈ ಕೊಡವಿಬಿಟ್ಟರೆ, ಹೋಲಿಸಿ ತೋರಿಸಲು ಬಟ್ಟೆಯಿಲ್ಲದ ಓಣಿಯೇ ಇಲ್ಲ. ಬಟ್ಟೆ ಹರಿದು ಹೋದ ಮೇಲೆ ಎಲ್ಲ ಮೊದಲಿನಂತೆಯೇ.

ಅಷ್ಟರಲ್ಲಿ ಗೌಡರ ಮನೆಯಿಂದಲೇ ಕರೆ ಬಂತು. ಬೊಮ್ಮಲಿಂಗಪ್ಪ ಕಾಲು ಚಾಚಿ ಮಲಗಿದ್ದರು. ಪಾದದ ಮೇಲೆ ಹುಳು ಇಣುಕುತ್ತಿತ್ತು.

"ಮನ್ಯಾಗೆ ಎಲ್ರೂ ಸೋಸಿದ್ದೇ ಕುಡುದ್ರು" ಎಂದರು ಗೌಡರು, ಮುಖ ಅತ್ತ ತಿರುಗಿಸಿಕೊಂಡು. "ನಮ್ಮಜ್ಜನ ಬಾವಿಗೆ ಬಟ್ಟೆ ಯಾಕೆ ಅಂತ ನಾನು ಮಾತ್ರ ಇಳಿದು ಬೊಗಸೇಲಿ ಕುಡಿದೆ. ಊರಿಗೆಲ್ಲ ಹುಣ್ಣು ಇರೋನು ನಾನೊಬ್ನೇ ಈಗ."

ಡಾಕ್ಟರು ಸುಳ್ಳು ಹೇಳಲಾರದೆ, "ಒಬ್ಬರ ಕಾಲಿಂದ ಏನೂ ಸಾಬೀತಾಗಲ್ಲ ಗೌಡ್ರೇ. ಮದರಾಸಿನೋರು ನಗ್ತಾರೆ" ಎಂದರು.

"ನಗ್ಲಿ ಬಿಡ್ರಿ. ಕಾಲು ಅವರದಲ್ಲ, ನಂದು. ನಾಳೆನೇ ಕಲ್ಲು ಹೊಡ್ಸಿ ಮೆಟ್ಲು ಮುಚ್ಚಿಸ್ತೀನಿ, ಮ್ಯಾಲೆ ರಾಟೆ ಹಾಕುಸ್ತೀನಿ. ಈಗ ಇದನ್ನ ಹುಷಾರಾಗಿ ಸುತ್ರಿ."

ಮುರುಗೇಂದ್ರಪ್ಪನವರು ಕಡ್ಡಿ ಹಿಡಿದರು. ಸಂತೋಷದ ಭರದಲ್ಲಿ ಹುಳು ಹರಿದೀತೆಂದು ಹೆದರಿ, ಆ ದಿನ ಎಂದಿಗಿಂತ ಅರ್ಧ ಸುತ್ತು ಕಡಿಮೆಯೇ ಸುತ್ತಿದರು.