ಎದೆಮಟ್ಟ ನೀರು, ಒದ್ದೆಯಾಗದ ನೆತ್ತಿ

"ನಾನಿರೋಗಂಟ ತಲೆ ಮುಳುಗುಸ್ಬೇಡ ಕಣ್ಲಾ" ಎಂದು ಬೆಟ್ಟಮ್ಮ ಕೇಳಿದ್ದರು. "ಇಲ್ಲ ಕಣವ್ವ, ಮುಳುಗ್ಸಾಕಿಲ್ಲ" ಎಂದು ಮಗ ಮರಿಸಿದ್ದಯ್ಯ ಮಾತು ಕೊಟ್ಟಿದ್ದರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತದು. ಯೇಸುವನ್ನು ನಂಬಿದ ಮಗ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದುಬಿಡುತ್ತಾನೆ ಎಂಬ ಭಯ ತಾಯಿಗೆ. ಆಗಲೇ ಎಪ್ಪತ್ತು ದಾಟಿದ್ದ ಬೆಟ್ಟಮ್ಮ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಹೆಚ್ಚು ದಿನ ಕಾಯಬೇಕಾಗದು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಬೆಳಗಿನ ಜಾವ. ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ, ನಾಲೆ ಏರಿಯ ಮೇಲೆ ಮರಿಸಿದ್ದಯ್ಯ ನಡೆದು ಬರುತ್ತಿದ್ದಾರೆ. ಹೆಗಲಲ್ಲಿ ಗುದ್ದಲಿ, ಸೊಂಟದಲ್ಲಿ ತೂಬಿನ ಬೀಗದ ಕೈ, ತಲೆಗೆ ಸುತ್ತಿದ ಬಿಳಿ ಟವಲ್ಲು. ಅವರು ನೀರುಗಂಟಿ. ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಹಾಯಿಸುವುದು, ತೂಬು ಎತ್ತಿ ಇಳಿಸುವುದು, ಸಿಕ್ಕಿಕೊಂಡ ಕಸಕಡ್ಡಿ, ಪ್ಲಾಸ್ಟಿಕ್ಕು, ಕೆಲವೊಮ್ಮೆ ಸತ್ತ ನಾಯಿ ಎಳೆದುಹಾಕುವುದು ಅವರ ಕೆಲಸ. ದಿನಗೂಲಿ. ನೀರು ಬಿಟ್ಟಿರುವಷ್ಟು ದಿನ ಏಳೆಂಟು ಕಿಲೋಮೀಟರ್ ಏರಿ ಸವೆಸುತ್ತಾರೆ. ಬೈಗುಳ ತಿನ್ನದ ದಿನವಿಲ್ಲ. ಇಂದು ಭಾನುವಾರ, ಗುದ್ದಲಿಯ ಜೊತೆಗೆ ಒಂದು ಸುರುಳಿ ನಾರಿನ ಹಗ್ಗವೂ ಹೆಗಲೇರಿದೆ.

ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟಿದ್ದ ರೈತ ನಾಗರಾಜು ಗಾಡಿ ನಿಲ್ಲಿಸುತ್ತಾರೆ.

"ಏನ್ಲಾ ಸಿದ್ದಯ್ಯ, ಅಗ್ಗ ಇಡ್ಕಂಡಿದ್ದೀಯ. ಇವತ್ತು ಎಷ್ಟ್ ಜನ್ರನ್ನ ಅದ್ತೀರ್ಲಾ?"

"ಮೂರ್ ಜನ."

"ಅಂಗೇ ನನ್ ಗದ್ದೇನೂ ಒಂದ್ಸಲ ಅದ್ಬುಡು ಮತ್ತೆ. ಬಾಯ್ ಬುಟ್ಕಂಡ್ ಕೂತದೆ."

"ನಿನ್ ಸರದಿ ಬುಧವಾರ. ಓಗ್ಲಾ, ಆಲು ಒಡೆದೋದಾತು."

ಮದ್ದೂರಿನ ಅಂಚಿನಲ್ಲಿ ಶೀಟು ಹೊದಿಸಿದ ಒಂದು ಪ್ರಾರ್ಥನಾ ಮಂದಿರವಿದೆ. ಕೊಪ್ಪದವರು, ಪೂರಿಗಾಲಿಯವರು, ಬ್ಲಫ್ ಎಂಬ ಊರಿನಿಂದ ಬರುವ ಒಂದು ಕುಟುಂಬ, ಎಲ್ಲ ಸೇರಿ ಐವತ್ತು ಜನರ ಸಭೆ. ದೀಕ್ಷಾಸ್ನಾನಕ್ಕೆ ಅವರಿಗೆ ತೊಟ್ಟಿಯಿಲ್ಲ, ನಾಲೆಯೇ ಗತಿ. ನಾಲೆಯ ಕಲ್ಲು ಪಾಚಿ ಕಟ್ಟಿರುತ್ತದೆ, ಸೆಳವು ಮೇಲಿನಿಂದ ಕಾಣುವುದಿಲ್ಲ. ಜಾಗ ಆರಿಸುವವರು ಮರಿಸಿದ್ದಯ್ಯ. ದಡದ ಹೊಂಗೆ ಮರಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಸುತ್ತಿಕೊಂಡು, ಪಾಸ್ಟರಿಗಿಂತ ನಾಲ್ಕು ಮಾರು ಕೆಳಗೆ, ಎದೆಮಟ್ಟ ನೀರಿನಲ್ಲಿ ಕೈ ಅಗಲಿಸಿ ನಿಲ್ಲುತ್ತಾರೆ. ಕಾಲು ಜಾರಿದವರು ತೇಲಿ ಬಂದು ಸೇರುವುದು ಅವರ ಎದೆಗೆ. ಮಕ್ಕಳು ನಡೆಯಲು ಕಲಿಯುವಾಗ ಹೆತ್ತವರು ನಿಲ್ಲುತ್ತಾರಲ್ಲ, ಹಾಗೆ.

"ಪಾಸ್ಟ್ರೇ ಕೊಚ್ಕಂಡ್ ಬಂದಿದ್ರು ಒಂದ್ಸಲ" ಎಂದು ನಗುತ್ತಾರೆ. "ಇಡ್ದು ನಿಲ್ಸಿ, ಓಗಿ ಸಾಮಿ ಬಾಕಿ ಕೆಲ್ಸ ಮುಗುಸಿ ಅಂದೆ."

ಈ ನಂಬಿಕೆಗೆ ಅವರು ಬಂದದ್ದು ನೀರಿನ ಜಗಳದಿಂದ. ನಾಲೆಯ ಕೊನೆಯ ಗದ್ದೆಯ ಸಿದ್ದರಾಮು ಒಂದು ದಿನ ಸರದಿ ತಪ್ಪಿಸಿ ತೂಬಿಗೆ ಕೈಹಾಕಿದರೆಂದು ಮರಿಸಿದ್ದಯ್ಯ ಗುದ್ದಲಿಯ ಕಾವಿನಲ್ಲಿ ಬಾರಿಸಿದ್ದರು. ಭುಜದ ಮೂಳೆ ಮುರಿಯಿತು. ಪೊಲೀಸರು ಬಂದರೆ ಸಿದ್ದರಾಮು, "ಕಂಪ್ಲೇಂಟ್ ಇಲ್ಲ, ಓಗಿ" ಎಂದರು. ಅವರು ಆ ಸಭೆಯ ವಿಶ್ವಾಸಿ. ಮರಿಸಿದ್ದಯ್ಯ ಮನಸ್ಸು ತಡೆಯದೆ ಒಂದು ಮೂಟೆ ಭತ್ತ ಹೊತ್ತುಕೊಂಡು ಅವರ ಮನೆಗೆ ಹೋದರು.

"ತಕ್ಕೊಳ್ನಿಲ್ಲ. ನನ್ನ ಒಬ್ಬ ಪುಕ್ಸಟ್ಟೆ ಕ್ಷಮಿಸವ್ನೆ, ನಿನ್ತಾವ ಏನ್ ಇಸ್ಕಳ್ಳಿ ಅಂದ. ಬಯ್ದಿದ್ರೆ ತಡ್ಕತಿದ್ದೆ, ಒಡೆದಿದ್ರೂ ತಡ್ಕತಿದ್ದೆ. ಇದನ್ನ ತಡ್ಕಳಾಕಾಗ್ನಿಲ್ಲ. ಮೂಟೆ ವಾಪಸ್ ಒತ್ಕಂಡ್ ಬರೋವಾಗ ಬಾಳಾ ಭಾರ ಆಗಿತ್ತು."

ಅವನ್ಯಾರು ಹಾಗೆ ಕ್ಷಮಿಸಿದವನು ಎಂದು ನೋಡಲು ಹೋದವರು ಸಭೆಯಲ್ಲೇ ಉಳಿದರು. ಅಲ್ಲಿ ಕಲಿಸುವುದನ್ನು ಪಾಸ್ಟರ್ ಜಯಪ್ರಕಾಶ್ ಹೀಗೆ ಹೇಳುತ್ತಾರೆ: "ಮನುಷ್ಯ ತನ್ನ ಒಳ್ಳೆಯತನದಿಂದ ದೇವರ ಮುಂದೆ ನಿಲ್ಲಲಾರ. ಎಲ್ಲರ ಪಾಪ ಹೊತ್ತು ಯೇಸು ಶಿಲುಬೆಯಲ್ಲಿ ಸತ್ತ, ಮೂರನೇ ದಿನ ಎದ್ದ. ಅದನ್ನು ನಂಬಿದವನಿಗೆ ಕ್ಷಮೆ ಕೃಪೆಯಿಂದ ಸಿಗುತ್ತೆ, ದುಡಿದು ಪಡೆಯೋದಲ್ಲ. ನೀರಲ್ಲಿ ಮುಳುಗೋದು ಅವನ ಜೊತೆ ಸತ್ತದ್ದರ ಗುರುತು, ಏಳೋದು ಅವನ ಜೊತೆ ಎದ್ದದ್ದರ ಗುರುತು. ಆ ಗುರುತು ಬೇಕು. ಆದರೆ ರಕ್ಷಿಸೋದು ನೀರಲ್ಲ."

ಮರಿಸಿದ್ದಯ್ಯ ಅದನ್ನು ತಮ್ಮ ಕಸುಬಿನ ಮಾತಿಗೆ ತರುತ್ತಾರೆ. "ಇಲ್ಲಿ ಎಲ್ಲಾನೂ ಸರದಿ. ಮೇಲ್ಗದ್ದೆಯೋನ್ಗೆ ಮೊದ್ಲು, ಕೊನೇಲಿರೋನ್ಗೆ ಸಿಕ್ರೂ ಸಿಕ್ತು, ಇಲ್ದಿದ್ರೂ ಇಲ್ಲ. ಅಲ್ಲಿ ಸರದಿ ಇಲ್ಲ. ಕೊನೇ ಗದ್ದೆಗೂ ಅಷ್ಟೇ ನೀರು."

ಮಗ ಪ್ರಾರ್ಥನೆಗೆ ಹೋಗುವುದನ್ನು ಬೆಟ್ಟಮ್ಮ ಯಾವತ್ತೂ ತಡೆಯಲಿಲ್ಲ. ಕುಡಿಯೋಕೆ ಹೋಗದಿದ್ದರೆ ಸಾಕು ಎಂದವರು. ಅವರ ದಿಗಿಲೇ ಬೇರೆ. ಸತ್ತ ಮೂರನೇ ದಿನಕ್ಕೆ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕಾದವನು ಮಗ. ಅವನು ಮುಳುಗಿ ಎದ್ದುಬಿಟ್ಟರೆ ದಾಯಾದಿಗಳು ಹತ್ತಿರ ಸೇರಿಸುವುದಿಲ್ಲ. "ಒಬ್ನೇ ಮಗ ನನ್ಗೆ. ಆಲು ತುಪ್ಪ ಬುಡಾಕೆ ಪಕ್ಕದ್ ಮನೆಯೋನ್ನ ಕರೀಲಾ?" ಎಂದು ಈಗಲೂ ಕೇಳುತ್ತಾರೆ.

ಹಾಸಿಗೆ ಹಿಡಿದಿದ್ದ ತಾಯಿ ಆ ವರ್ಷವೇ ಎದ್ದು ಕೂತರು. ಈಗ ತೊಂಬತ್ತು ದಾಟಿದೆ. "ನಾನ್ ಸತ್ರೆ ಇವ್ನು ಮುಳುಗ್ತಾನೆ. ಅದ್ಕೇಯ ಸಾಯಾಕಿಲ್ಲ ನಾನು" ಎಂದು ಬೊಚ್ಚುಬಾಯಿ ತೆರೆದು ನಗುತ್ತಾರೆ. ಮಗನಿಗೆ ಅರವತ್ತೊಂದು.

ಕಾಯುವುದಕ್ಕೆ ಬೆಲೆಯಿದೆ. ಸಭೆಯಲ್ಲಿ ತಿಂಗಳಿಗೊಮ್ಮೆ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪು. ಮುರಿದ ರೊಟ್ಟಿ, ದ್ರಾಕ್ಷಾರಸ ತಟ್ಟೆಯಲ್ಲಿ ಸಾಲು ಹಿಡಿದು ಬರುತ್ತವೆ. ಈ ಸಭೆಯಲ್ಲಿ ದೀಕ್ಷಾಸ್ನಾನವಾದವರಿಗೆ ಮಾತ್ರ. "ನನ್ ಮುಂದಕ್ಕೂ ಬತ್ತದೆ. ಪಕ್ಕದೋರ್ಗೆ ದಾಟುಸ್ತೀನಿ" ಎನ್ನುತ್ತಾರೆ ಮರಿಸಿದ್ದಯ್ಯ. ಅಷ್ಟು ಹೇಳಿ ಟವಲ್ಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ.

ಹೋದ ವರ್ಷ ಏರಿಯ ಮೇಲೇ ಎದೆನೋವು ಬಂದು ಕುಸಿದಿದ್ದರು. ಮಂಡ್ಯದ ಆಸ್ಪತ್ರೆಗೆ ಹೊತ್ತೊಯ್ದವರು ಸಿದ್ದರಾಮು. ಅವರೀಗ ಜೀವದ ಗೆಳೆಯ. ಬೆಡ್ಡಿನ ಪಕ್ಕ ಕೂತು ಜಗಳ ತೆಗೆದರಂತೆ: "ಇನ್ನೂ ಕಾಯ್ತಾ ಕೂತಿದ್ದೀಯಲ್ಲೋ, ನಿಮ್ಮವ್ವನ್ಗಿಂತ ಮೊದ್ಲು ನೀನೇ ಓದ್ರೆ?"

"ಓದ್ರೆ ಒಣಗಿದ್ ತಲೇಲೇ ಓಯ್ತೀನಿ. ತಲೆ ಮುಟ್ ನೋಡಿ ಒಳಿಕ್ ಬುಡೋ ಅಂಗಿದ್ರೆ ಅದ್ನ ಕೃಪೆ ಅಂತ ಯಾಕಂತಿದ್ರು?"

ಪಾಸ್ಟರಿಗೂ ಈ ಬಗ್ಗೆ ಆತುರವಿಲ್ಲ. "ಹಾಲು ತುಪ್ಪದ ವಿಷಯ ಬಂದಾಗ ಕೂತು ಮಾತಾಡೋಣ ಅಂದಿದ್ದೀನಿ. ಆದರೆ ಹೆತ್ತವಳಿಗೆ ಕೊಟ್ಟ ಮಾತು ಮುರಿದು ಬಾ ಅಂತ ನಾನು ಯಾರನ್ನೂ ನೀರಿಗೆ ಕರೆಯಲಾರೆ" ಎನ್ನುತ್ತಾರೆ.

ಇವತ್ತಿನ ಮೂವರಲ್ಲಿ ಕೊನೆಯವಳು ಅರ್ಪಿತ, ಮರಿಸಿದ್ದಯ್ಯನ ಮಗಳು. ಇಪ್ಪತ್ತಾರರ ಪ್ರಾಯ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ತಾಯಿಯಿಲ್ಲದ ಮನೆಯನ್ನು ಎಂಟು ವರ್ಷದಿಂದ ಅವಳೇ ನಡೆಸುತ್ತಿದ್ದಾಳೆ. ಮೆಟ್ಟಿಲಿಳಿಯುವ ಮುಂಚೆ ಅಪ್ಪನ ಕಡೆ ತಿರುಗುತ್ತಾಳೆ.

"ನೀನೂ ಬಾಪ್ಪ. ಇವತ್ತೊಂದಿನ. ಅಜ್ಜಿಗೆ ನಾನ್ ಏಳ್ತೀನಿ."

"ನೀನ್ ಓಗವ್ವ. ಕಾಲ್ ನೋಡ್ಕಂಡ್ ಇಳಿ, ಎರಡ್ನೇ ಕಲ್ಲು ಜಾರ್ತದೆ."

ದಡದಲ್ಲಿ ಹಾಡು ಶುರುವಾಗುತ್ತದೆ. ನಂಬುತ್ತೀಯಾ ಎಂದು ಪಾಸ್ಟರ್ ಕೇಳುತ್ತಾರೆ, ನಂಬುತ್ತೇನೆ ಎನ್ನುತ್ತಾಳೆ ಅರ್ಪಿತ. ಅವಳ ತಲೆ ನೀರಿನೊಳಗೆ ಹೋಗುತ್ತದೆ, ಏಳುತ್ತದೆ. ಎದ್ದ ಸಂತೋಷದಲ್ಲಿ ಪಾಸ್ಟರ ಕೈ ಬಿಡಿಸಿಕೊಂಡ ಹುಡುಗಿಯ ಕಾಲು ಜಾರುತ್ತದೆ. ಯಾರೋ ಚೀರುತ್ತಾರೆ. ಮರಿಸಿದ್ದಯ್ಯ ಅಲುಗುವುದಿಲ್ಲ. ನಾಲ್ಕು ಮಾರು ತೇಲಿ ಬಂದ ಮಗಳು ಅಗಲಿಸಿದ ಕೈಗಳೊಳಗೆ ಬಂದು ಬೀಳುತ್ತಾಳೆ. ಹಗ್ಗ ಬಿಗಿಯುತ್ತದೆ. ಅವಳು ಕತ್ತು ತಬ್ಬಿಕೊಂಡು ಅಳುತ್ತ ನಗುತ್ತಾಳೆ. ತೊಟ್ಟಿಕ್ಕುವ ಕೂದಲು ಅಪ್ಪನ ಕೆನ್ನೆಗೆ ಅಂಟಿದೆ. ಅವರು ಗದ್ದ ಮೇಲೆತ್ತಿ, ಟವಲ್ಲು ಸುತ್ತಿದ ತಲೆಯನ್ನು ನೀರಿಗೆ ತಾಗಿಸದೆ, ಒಂದೊಂದೇ ಹೆಜ್ಜೆ ಕಿತ್ತಿಡುತ್ತ ದಡ ಸೇರುತ್ತಾರೆ. ಆಮೇಲೆ ಹೋಗಿ ಹತ್ತಿರದ ತೂಬು ಇಳಿಸುತ್ತಾರೆ. ಯಾರದೋ ಸರದಿ ಮುಗಿದಿತ್ತು.

ಜಗುಲಿಯಲ್ಲಿ ಬೆಟ್ಟಮ್ಮ ಕಾಯುತ್ತಿದ್ದಾರೆ. ಕಣ್ಣು ಮಂಜಾಗಿದೆ, ಹೆಜ್ಜೆ ಸದ್ದಿಗೇ ಕೈ ಚಾಚುತ್ತಾರೆ. ಮೊದಲು ಸಿಕ್ಕಿದ್ದು ಮೊಮ್ಮಗಳ ತಲೆ.

"ತೊಪ್ಪೆ ಆಗಿದ್ದೀಯಲ್ಲೇ, ಸೀತ ಆಯ್ತದೆ" ಎಂದು ಸೆರಗಿನಿಂದ ಒರೆಸುತ್ತಾರೆ. "ಇವ್ಳೇನೂ ನನ್ಗೆ ಮಾತ್ ಕೊಟ್ಟಿರ್ನಿಲ್ಲ ಬುಡು. ಅವ್ನೆಲ್ಲಿ? ಬಾರ್ಲಾ ಇಲ್ಲಿ."

ಅರವತ್ತೊಂದರ ಮಗ ಟವಲ್ಲು ಬಿಚ್ಚಿ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಪ್ರತಿ ಸಲವೂ ಹೀಗೆಯೇ. ಸುಕ್ಕುಬೆರಳು ಕಿವಿಯ ಹಿಂದೆ ನಿಲ್ಲುತ್ತದೆ.

"ಇದೇನ್ಲಾ ಇಲ್ಲಿ ಒದ್ದೆ?"

"ಮಗಳು ತಬ್ಕಂಡ್ಳು ಕಣವ್ವ."

ಬೆರಳು ಅನುಮಾನದಿಂದಲೇ ಮೇಲೇರುತ್ತದೆ. ಕೂದಲ ಬುಡದವರೆಗೆ ಇಳಿದು ನೆತ್ತಿಯನ್ನೆಲ್ಲ ತಡಕುತ್ತದೆ.

"ಒಣಗೈತೆ. ಓಗು, ಮುದ್ದೆ ಉಣ್ಣೋಗು."

ಮುಂದೇನು ಆಸೆ ಎಂದು ಕೇಳಿದರೆ ಮರಿಸಿದ್ದಯ್ಯ ಒಳಗೆ ಕೈ ತೊಳೆಯುತ್ತಲೇ ಹೇಳುತ್ತಾರೆ: "ಆ ತಟ್ಟೆಯಿಂದ ಒಂದ್ ಚೂರ್ ರೊಟ್ಟಿ ತಿನ್ಬೇಕು. ಅಂತಾ ಆತ್ರ ಏನಿಲ್ಲ. ಅವ್ವ ಇನ್ನೊಂದತ್ತು ವರ್ಸ ಇರ್ಲಿ."

ಬೆಟ್ಟಮ್ಮ ಇದ್ದಾರೆ. ಮರಿಸಿದ್ದಯ್ಯ ಮುಳುಗಿಲ್ಲ. ಕೊಟ್ಟ ಮಾತು ಈವರೆಗೆ ನಡೆದಿದೆ.