ತೂಕದ ಮೇಡಂ ಕೊಂಡ ರಿಸೀವರ್

ಹೈದರಾಬಾದಿನ ಕೋಠಿಯ ಆ ಗಲ್ಲಿಯ ಅಂಗಡಿಯಲ್ಲಿ ಎಲ್ಲರೂ ಸ್ಪೀಕರುಗಳ ಕಡೆ ನೋಡುತ್ತಿದ್ದರೆ ಗೋದಾವರಿಯವರು ಮಾತ್ರ ಅಂಗಡಿಯವನ ಕೈಯನ್ನೇ ನೋಡುತ್ತ ಕೂತಿದ್ದರು.

ಆತ ಮೊದಲು ಸ್ಪೀಕರುಗಳನ್ನು ನಡೆಸುವ ಒಂದು ರಿಸೀವರ್ ಹಚ್ಚಿ ಸಿನಿಮಾದ ಒಂದು ಹೊಡೆದಾಟ ಕೇಳಿಸಿದ. ಆಮೇಲೆ ವೈರು ಬದಲಿಸಿ, ಅದಕ್ಕಿಂತ ದುಬಾರಿಯ ಇನ್ನೊಂದರಲ್ಲಿ ಅದೇ ಹೊಡೆದಾಟ ಕೇಳಿಸಿದ. "ಫರಕ್ ದೇಖೋ ಅಮ್ಮಾ" ಎಂದು ಎದೆಯುಬ್ಬಿಸಿ ನಿಂತ. ಫರಕು ಇತ್ತು. ಪಕ್ಕದಲ್ಲಿದ್ದ ಗಂಡ ಶಿವಶರಣಪ್ಪನವರ ಕಣ್ಣು ಅರಳಿಯೇಬಿಟ್ಟಿದ್ದವು. ಆದರೆ ವೈರು ಬದಲಿಸುವಾಗ ಅಂಗಡಿಯವನ ಹೆಬ್ಬೆರಳು ದನಿಯ ಗುಂಡಿಯನ್ನು ಮೆಲ್ಲಗೆ ಸ್ವಲ್ಪ ಮೇಲಕ್ಕೆ ತಿರುಗಿಸಿದ್ದು ಗೋದಾವರಿಯವರ ಕಣ್ಣು ತಪ್ಪಿರಲಿಲ್ಲ.

"ದೋನೋ ಕಾ ಆವಾಜ್ ಬರಾಬರ್ ರಖೋ" ಎಂದರು. ಎರಡರ ದನಿಯನ್ನೂ ಸರಿಸಮ ಇಡಿಸಿ ಕೇಳಿದಾಗ ಫರಕು ಎಲ್ಲಿಗೆ ಹೋಯಿತೋ. ಆತ ಹಲ್ಲು ಕಿರಿದ. ಗೋದಾವರಿಯವರು ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಗಂಡ ಕೋಲೂರಿಕೊಂಡು ಹಿಂದೆ ಬಂದು ಆಟೋ ಹತ್ತಿದರು.

ಕೈ ನೋಡುವುದು ಗೋದಾವರಿಯವರ ಬಹಳ ಹಳೆಯ ಚಾಳಿ. ಆಳಂದದ ಕಡೆಯ ಮನೆತನ, ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ಗೋದಾವರಿಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಕಿರಾಣಿ ಅಂಗಡಿ, ಅಕ್ಕಸಾಲಿಗರ ಕಟ್ಟೆ, ಪೆಟ್ರೋಲ್ ಬಂಕು, ಎಲ್ಲಿ ಹೋದರೂ 'ತೂಕದ ಮೇಡಂ ಬಂದರು' ಎಂದು ಬಾಗಿಲಲ್ಲೇ ಪಿಸುಮಾತು ಹಬ್ಬುತ್ತಿತ್ತು. ಗಿರಾಕಿ ನೋಡುವುದು ತಕ್ಕಡಿಯ ಮುಳ್ಳನ್ನು, ಮೋಸ ನಡೆಯುವುದು ಕೈಯಲ್ಲಿ ಎನ್ನುವುದನ್ನು ಆ ನೌಕರಿ ಅವರಿಗೆ ಕಲಿಸಿತ್ತು. ನೌಕರಿ ಮುಗಿದರೂ ಆ ಕಣ್ಣು ಮುಚ್ಚಲಿಲ್ಲ. ಹಾಲಿನವನು, ಇಸ್ತ್ರಿಯವನು, ನೀರಿನ ಕ್ಯಾನಿನವನು, ಎಲ್ಲರೂ ದಿಲ್‌ಸುಖ್‌ನಗರದ ಅವರ ಫ್ಲ್ಯಾಟಿನ ಕರೆಗಂಟೆ ಒತ್ತುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಶಿವಶರಣಪ್ಪನವರದು ಪೂರ್ತಿ ಬೇರೆ ಸ್ವಭಾವ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗಿದ್ದ ಒಂದೇ ಹುಚ್ಚು ಸಿನಿಮಾ. ಕನ್ನಡ, ತೆಲುಗು, ಹಿಂದಿ, ಯಾವುದಾದರೂ ಸೈ. ಎರಡೂ ಮೊಣಕಾಲು ಆಪರೇಶನ್ ಆದ ಮೇಲೆ ಥಿಯೇಟರಿನ ಮೆಟ್ಟಿಲು ಹತ್ತುವುದು ನಿಂತಿತು. ಮನೆಯ ಟಿವಿಯಲ್ಲಿ ನೋಡಿದರೆ ಮಾತೆಲ್ಲ ಹಿನ್ನೆಲೆ ಸಂಗೀತದಲ್ಲಿ ಮುಳುಗುತ್ತಿತ್ತು. ದನಿ ಏರಿಸಿದರೆ ಮಾತಿಗಿಂತ ಮೊದಲು ಡೋಲು ಏರುತ್ತಿತ್ತು. ಸುತ್ತಲೂ ಸ್ಪೀಕರ್ ಇಟ್ಟು, ಅವನ್ನೆಲ್ಲ ನಡೆಸುವ ಒಂದು ಒಳ್ಳೆಯ ರಿಸೀವರ್ ತರೋಣ ಎಂದು ಅವರು ಆಸೆಪಟ್ಟಾಗ ಗೋದಾವರಿಯವರು ಬೇಡ ಎನ್ನಲಿಲ್ಲ. "ನೋಡಿ ತಗೊಳ್ಳೋಣ್ರಿ" ಎಂದರು. ಆ 'ನೋಡಿ' ಎಂಬ ಮಾತಿನ ತೂಕ ಗಂಡನಿಗೆ ಗೊತ್ತಿತ್ತು.

ಕೋಠಿಯ ಅಂಗಡಿಗಳೆಲ್ಲ ಮುಗಿದ ಮೇಲೆ ಕೊಂಡಾಪುರ. ಅಲ್ಲಿ ಶಿವಶರಣಪ್ಪನವರ ಅಣ್ಣನ ಮಗ ವಿಜಯಕುಮಾರನದೇ ಇಂಥ ಸಾಮಾನಿನ ಶೋರೂಮ್ ಇತ್ತು. ಸಂಬಂಧಿಕರ ಹತ್ತಿರ ವ್ಯಾಪಾರ ಬೇಡವೆಂದು ಗೋದಾವರಿಯವರು ಮೊದಲು ಅದನ್ನು ಬಿಟ್ಟಿದ್ದರು. ಈಗ ಬೇರೆ ದಾರಿ ಉಳಿದಿರಲಿಲ್ಲ.

ವಿಜಯಕುಮಾರ ಅವರನ್ನು ಒಂದು ಕತ್ತಲೆಯ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳ ಮೇಲೆ ಕೂಡಿಸಿದ. ಸಿನಿಮಾದ ಮಳೆ ತಲೆಯ ಮೇಲೆಯೇ ಸುರಿಯಿತು. ಶಿವಶರಣಪ್ಪನವರು ಕೂತಲ್ಲೇ ಕರಗಿಹೋದರು. ಗೋದಾವರಿಯವರು ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದರು. ಗೋಡೆಗೆಲ್ಲ ಸ್ಪಂಜಿನ ಹಾಳೆ, ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಎರಡು ಪದರ ಪರದೆ.

"ನಮ್ಮ ಮನಿ ಹಿಂಗಿಲ್ಲಲ್ಲೋ. ನೆಲಕ್ಕ ಮಾರ್ಬಲ್ ಐತಿ, ಒಂದು ಕಡೆ ಬಾಲ್ಕನಿ ಗಾಜು, ಇನ್ನೊಂದು ಕಡೆ ಗ್ವಾಡಿನೇ ಇಲ್ಲ, ಸೀದಾ ಅಡಗಿಮನಿ."

"ಅದಕ್ಕೇ ಕಾಕು, ಇದರಾಗ ರೂಮ್ ಕರೆಕ್ಷನ್ ಅಂತ ಐತಿ" ಎಂದು ವಿಜಯಕುಮಾರ ಚಿಕ್ಕಮ್ಮನಿಗೆ ಸಣ್ಣ ಕರಿ ಮೈಕೊಂದನ್ನು ತೆಗೆದು ತೋರಿಸಿದ. "ಇದನ್ನ ನೀವು ಕೂಡೋ ಜಾಗಾದಾಗ ಇಟ್ಟರ ಒಂದೊಂದು ಸ್ಪೀಕರಿನಿಂದ ಒಂದೊಂದು ಸಪ್ಪಳ ಬರ್ತೈತಿ. ಯಾವ ಸ್ಪೀಕರ್ ಎಷ್ಟು ದೂರ ಐತಿ, ಯಾವ ಸಪ್ಪಳ ನಿಮ್ಮ ಮನ್ಯಾಗ ಗುಂಯ್ ಅಂತೈತಿ, ಎಲ್ಲಾ ತಾನ ಅಳದು ತಾನ ಸರಿ ಮಾಡ್ತೈತಿ. ನೀವು ಏನೂ ಮಾಡೋದು ಬ್ಯಾಡ್ರಿ."

"ಅಳಿಯೋದೂ ಅದs, ತಿದ್ದೋದೂ ಅದs, ಸರಿ ಆತು ಅಂತ ಹೇಳೋದೂ ಅದs" ಎಂದರು ಗೋದಾವರಿ. "ಮತ್ತ ಅದನ್ನ ಪರೀಕ್ಷಾ ಮಾಡಾವ್ರು ಯಾರು?"

"ಕಂಪನ್ಯಾವ್ರು ಚೆಕ್ ಮಾಡೇ ಕಳಸಿರ್ತಾರ ಕಾಕು."

"ತನ್ನ ತೂಕದ ಕಾಟಾ ತಪ್ಪೈತಿ ಅಂತ ಒಬ್ಬ ಅಂಗಡ್ಯಾವನೂ ನನ್ನ ಮುಂದ ಹೇಳಿಲ್ಲಪ್ಪಾ ಇವತ್ತಿನ ತನಕ."

ಆ ರಿಸೀವರಿನಲ್ಲಿ ಎರಡು ಮಾದರಿ ಇದ್ದವು. ದುಬಾರಿಯದು ಡೋಲಿನ ಸದ್ದು ಹೊರಡಿಸುವ ವೂಫರಿನ ಗುಂಯ್‌ಗುಡುವಿಕೆಯನ್ನೂ ತಿದ್ದುತ್ತದೆ, ಚಿಕ್ಕದು ಉಳಿದ ಸ್ಪೀಕರುಗಳನ್ನಷ್ಟೇ ತಿದ್ದುತ್ತದೆ ಎಂದು ವಿಜಯಕುಮಾರ ವಿವರಿಸಿದ. ದೊಡ್ಡದನ್ನೇ ತೆಗೆದುಕೊಳ್ಳಿ ಎಂದೂ ಸೇರಿಸಿದ. ಕೊನೆಗೆ ಮಾತು ನಿಂತದ್ದು ಹೀಗೆ: ದೊಡ್ಡದನ್ನು ಮನೆಗೆ ತಂದು ಹಚ್ಚುವುದು, ಕೆಲವು ದಿನ ಕೇಳಿ ನೋಡುವುದು, ಮನಸ್ಸಿಗೆ ಬಂದರೆ ಉಂಟು, ಇಲ್ಲವಾದರೆ ವಾಪಸ್ಸು.

ಭಾನುವಾರ ವಿಜಯಕುಮಾರನೇ ಬಂದು ವೈರು ಎಳೆದ. ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಟಿವಿ ಪಕ್ಕದ ಮೂಲೆಯಲ್ಲಿ ಡೋಲಿನ ಸದ್ದಿಗೆಂದೇ ಇರುವ ದೊಡ್ಡ ವೂಫರ್ ಡಬ್ಬಿ. ಫ್ಯಾನು ಆರಿಸಿದರು, ಕುಕ್ಕರ್ ಇಳಿಸಿದರು. ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ಮೈಕು ಕೂತಿತು. ಒಂದೊಂದೇ ಸ್ಪೀಕರು 'ಊಂ' ಎಂದು ಶುರುಮಾಡಿ 'ವೀಂ' ಎಂದು ಏರಿ ಸುಮ್ಮನಾಯಿತು. ಕೊನೆಗೆ ಟಿವಿಯ ಮೇಲೆ ಒಂದು ಎಚ್ಚರಿಕೆ ಮೂಡಿತು: ಬಲಗಡೆಯ ಹಿಂದಿನ ಸ್ಪೀಕರಿನ ಜೋಡಣೆ ಉಲ್ಟಾ ಇರುವ ಹಾಗಿದೆ, ನೋಡಿಕೊಳ್ಳಿ.

"ಇದೇನೋ?" ಎಂದರು ಗೋದಾವರಿ.

"ಅದು ಹಂಗs ಕಾಕು. ಒಮ್ಮೊಮ್ಮೆ ಸುಳ್ಳs ತೋರಸ್ತೈತಿ. ವೈರು ನಾನs ಹಾಕೀನಿ, ಸರಿ ಐತಿ." ಎಂದವನು ರಿಮೋಟಿನಲ್ಲಿ 'ಮುಂದೆ' ಒತ್ತಿ ಆ ಎಚ್ಚರಿಕೆಯನ್ನು ದಾಟಿಸಿಬಿಟ್ಟ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆಂದು ಊಟಕ್ಕೂ ನಿಲ್ಲದೆ ಹೊರಟುಹೋದ.

ಶಿವಶರಣಪ್ಪನವರು ಸಿನಿಮಾ ಹಚ್ಚಿದರು. ಮಾತು ಸ್ಪಷ್ಟವಾಗಿ ಕೇಳಿತು. ಮುಖ ಅರಳಿಸಿ ಹೆಂಡತಿಯ ಕಡೆ ತಿರುಗಿದರೆ ಅಲ್ಲಿ ಹೆಂಡತಿ ಇಲ್ಲ. ಗೋದಾವರಿಯವರು ಒಳಗಿನಿಂದ ಟೇಪು ತಂದು ಸೋಫಾದಿಂದ ಒಂದೊಂದು ಸ್ಪೀಕರಿಗೂ ಅಳೆಯತೊಡಗಿದ್ದರು. ಯಂತ್ರ ಹೇಳಿದ ದೂರವನ್ನು ಟಿವಿಯ ಮೇಲೆ ತೆರೆದು ಟೇಪಿನ ಜೊತೆ ಹೋಲಿಸಿದರು. ಐದು ಸ್ಪೀಕರಿನದೂ ಹೆಚ್ಚುಕಡಿಮೆ ಸರಿ ಬಂತು. ವೂಫರಿನದು ಬರಲಿಲ್ಲ. ಟೇಪಿನ ಪ್ರಕಾರ ಎಂಟು ಅಡಿ, ಯಂತ್ರದ ಪ್ರಕಾರ ಹದಿಮೂರು.

"ಸಿಕ್ತು ನೋಡ್ರಿ" ಎಂದು ಗೋದಾವರಿ ನೆಲದ ಮೇಲೆ ಕೂತುಬಿಟ್ಟರು. "ಹದಿಮೂರು ಅಡಿ ಹೋದರ ಗ್ವಾಡಿ ದಾಟಿ ಬಾಜೂ ಮನಿಯವರ ದೇವರ ಮನ್ಯಾಗ ಇರಬೇಕು ಈ ಡಬ್ಬಿ. ಬಂದ್ ಮಾಡ್ರಿ ಅದನ್ನ."

ಶಿವಶರಣಪ್ಪನವರು ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು. "ಗೋದಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನನಗ ಯಾವುದಾದರೂ ಛಲೋ ಅನಿಸಿದ ದಿನಾನೇ ನೀ ಅದರಾಗ ಹುಳಾ ತೆಗಿತಿ. ಒಂದು ದಿನಾ ತಡದರ ಏನಾಕ್ಕಿತ್ತು?" ಎಂದರು. ದನಿ ಏರಿಸಲಿಲ್ಲ. ಕೋಲು ಹಿಡಿದು ಬಾಲ್ಕನಿಗೆ ಹೋಗಿ ಕೂತರು. ಸಂಜೆಯವರೆಗೆ ಅಲ್ಲಿಂದ ಏಳಲೇ ಇಲ್ಲ.

ಆ ಮಾತು ಗೋದಾವರಿಯವರಿಗೆ ನಾಟಿತು. ಆದರೆ ಅನುಮಾನ ಹೋಗಲಿಲ್ಲ. ಇನ್ನೂ ಹೆಚ್ಚಾಯಿತು. ವಿಜಯಕುಮಾರನಿಗೆ ಫೋನು ಹಚ್ಚಿದರು.

"ವೂಫರ್ ಯಾವಾಗಲೂ ದೂರಾನೇ ತೋರಸ್ತೈತಿ ಕಾಕು. ಅದರ ಒಳಗಿನ ಸರ್ಕ್ಯೂಟ್ ದಾಟಿ ಸಪ್ಪಳ ಹೊರಗ ಬರೂದು ಸ್ವಲ್ಪ ತಡಾ ಆಗ್ತೈತಿ. ಮೈಕಿಗೆ ಆ ತಡಾನೂ ದೂರಾನs ಆಗ್ತೈತಿ" ಎಂದ ಆತ, ಎಲ್ಲ ಗಿರಾಕಿಗಳಿಗೂ ಹೇಳಿ ರೂಢಿಯಾದವನ ಹಾಗೆ.

ಬಾಯಿಪಾಠದ ಉತ್ತರಗಳನ್ನು ಗೋದಾವರಿಯವರು ಎಂದೂ ನಂಬಿದವರಲ್ಲ. ರಾತ್ರಿಯ ಊಟ ಸಪ್ಪಗೆ ಮುಗಿಯಿತು. ಪಾತ್ರೆ ತೊಳೆಯುವಾಗ ಅವರ ತಲೆಯಲ್ಲಿ ಬೇರೊಂದು ಯೋಚನೆ ಸುಳಿಯಿತು. ಖಾಲಿ ತಕ್ಕಡಿಯೇ ಒಂದು ಕಡೆ ವಾಲುವುದುಂಟು. ಅಂಥ ತಕ್ಕಡಿ ಮೋಸದ್ದೇ ಆಗಬೇಕೆಂದಿಲ್ಲ. ಏನು ಇಟ್ಟರೂ ವಾಲುವುದು ಅಷ್ಟೇ ಆಗಿದ್ದರೆ ಅದು ಆ ತಕ್ಕಡಿಯ ಗುಣ. ಇಟ್ಟ ಸಾಮಾನಿನ ಮೇಲೆ ಹೆಚ್ಚುಕಡಿಮೆ ಆಗುತ್ತಿದ್ದರೆ ಮಾತ್ರ ಯಾರದೋ ಕೈವಾಡ.

ಮರುದಿನ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ವೂಫರನ್ನು ತಾವೇ ಎಳೆದು ಸೋಫಾದ ಹತ್ತಿರಕ್ಕೆ ತಂದರು. ಟೇಪು ಹಿಡಿದು ಸರಿಯಾಗಿ ಐದು ಅಡಿಗೆ ನಿಲ್ಲಿಸಿ ಮೈಕು ಇಟ್ಟು ಮತ್ತೆ ಅಳೆಸಿದರು. ಟಿವಿ ಹತ್ತು ಅಡಿ ಎಂದಿತು. ಟೇಪು ಮೂರು ಅಡಿ ಇಳಿದಿತ್ತು, ಯಂತ್ರವೂ ಮೂರೇ ಅಡಿ ಇಳಿದಿತ್ತು. ಸಾಲದೆಂದು ಬಾಲ್ಕನಿಯ ಬಾಗಿಲವರೆಗೆ ಎಳೆದು ಇನ್ನೊಮ್ಮೆ ನೋಡಿದರು. ಆ ಐದು ಅಡಿಯ ಹೆಚ್ಚಳ ಅಲ್ಲಿಯೂ ಹಾಗೆಯೇ ಇತ್ತು. ಬಚ್ಚಲಿನಿಂದ ಹೊರಬಂದ ಶಿವಶರಣಪ್ಪನವರು, ಮುಖವೆಲ್ಲ ಬೆವರಾಗಿ ಡಬ್ಬಿಯ ಮೇಲೆ ಕೈಯೂರಿ ನಿಂತ ಹೆಂಡತಿಯನ್ನು ಕಂಡು ಗಾಬರಿಯಾದರು.

"ಇದು ಖರೇ ಹೇಳಾಕತ್ತೈತ್ರಿ" ಎಂದರು ಗೋದಾವರಿ. ಗೆದ್ದವರ ದನಿಯಾಗಿರಲಿಲ್ಲ ಅದು. ಮುಂದಿನ ಮಾತು ಆಗಲೇ ಅವರ ಮನಸ್ಸನ್ನು ಚುಚ್ಚುತ್ತಿತ್ತು. "ಇದು ಖರೇ ಹೇಳೂದಾದರ, ನಿನ್ನೆ ಆ ಬಲಗಡೆ ಸ್ಪೀಕರಿಂದು ಹೇಳಿದ್ದು?"

ಇಬ್ಬರೂ ಹಿಂದಿನ ಸ್ಪೀಕರ್ ಕಡೆ ನೋಡಿದರು. ಗೋದಾವರಿ ಕುರ್ಚಿ ಹತ್ತಿ ಅದನ್ನು ಗೋಡೆಯಿಂದ ಇಳಿಸಿದರು. ವೈರಿನ ಒಂದು ಎಳೆಯ ಮೇಲೆ ಕೆಂಪು ಗೆರೆ ಇತ್ತು. ಎಡಗಡೆ ಸ್ಪೀಕರಿನಲ್ಲಿ ಆ ಎಳೆ ಕೆಂಪು ತಿರುಪಿಗೆ ಸೇರಿತ್ತು. ಬಲಗಡೆ ಕಪ್ಪಿಗೆ ಸೇರಿತ್ತು. ರಿಸೀವರಿನ ಕಡೆ ಎರಡೂ ಕೆಂಪಿಗೇ ಇದ್ದವು. ಯಂತ್ರ ಹೇಳಿದ್ದು ಸರಿಯೇ ಆಗಿತ್ತು.

"ಗಡಿಬಿಡಿಯಾಗ ಆಗಿರಬೇಕು ಬಿಡು" ಎಂದರು ಶಿವಶರಣಪ್ಪ.

"ವೈರು ಉಲ್ಟಾ ಆಗಿದ್ದು ಗಡಿಬಿಡೀರಿ. ಯಂತ್ರ ಸುಳ್ಳು ಹೇಳ್ತೈತಿ ಅಂದದ್ದು ಗಡಿಬಿಡಿ ಅಲ್ಲ."

ಎಳೆಗಳನ್ನು ಮುಟ್ಟದೆ ಸ್ಪೀಕರನ್ನು ಊಟದ ಮೇಜಿನ ಮೇಲೆ ಹಾಗೆಯೇ ಇಟ್ಟರು. ಸಂಜೆ ಫೋನು ಮಾಡಿ ಕರೆಸಿದ ಮೇಲೆ ವಿಜಯಕುಮಾರ ಬಂದ. ಗೋದಾವರಿಯವರು ಮೊದಲು ಚಹಾ ಕೊಟ್ಟರು. ಚಹಾ ಮುಗಿದ ಮೇಲೆ, "ನಿನ್ನೆ ಆ ಎಚ್ಚರಿಕಿ ಬಂದಾಗ ನೀ ಎದ್ದು ಹೋಗಿ ನೋಡಿದ್ದೇನು?" ಎಂದು ಕೇಳಿದರು.

"ನೋಡೂದೇನೈತಿ ಕಾಕು, ನಾನs ಹಾಕಿದ್ದು..." ಎನ್ನುತ್ತಲೇ ಅವನ ಕಣ್ಣು ಮೇಜಿನ ಕಡೆ ಹೋಯಿತು. ಕಾಕಾನ ಕಡೆ ನೋಡಿದ. ಶಿವಶರಣಪ್ಪನವರು ಅಂಗೈಯಲ್ಲಿ ಕೋಲು ಹೊರಳಿಸುತ್ತ ಕೂತಿದ್ದರು.

"ತಡಾ ಆಗಿತ್ತು" ಎಂದ ಕೊನೆಗೆ. "ಮತ್ತ ಕುರ್ಚಿ ಹತ್ತಿ ಬಿಚ್ಚಬೇಕಾಗಿತ್ತು. ಯಾರಿಗೂ ಗೊತ್ತಾಗೂದಿಲ್ಲ ಅನಿಸ್ತು. ಖರೇ ಹೇಳ್ತೀನಿ ಕಾಕು, ಭಾಳ ಮಂದಿಗೆ ಗೊತ್ತಾಗೂದೂ ಇಲ್ಲ."

"ಅದs ನನಗ ಅಂಜಿಕಿ" ಎಂದರು ಗೋದಾವರಿ.

ಅವನು ತಾನೇ ಎಳೆ ಬದಲಿಸಿ, ಕುರ್ಚಿ ಹತ್ತಿ ಸ್ಪೀಕರನ್ನು ಮತ್ತೆ ಗೋಡೆಗೆ ಹಚ್ಚಿದ. ಮತ್ತೆ ಅಳೆಸಿದಾಗ ಎಚ್ಚರಿಕೆ ಬರಲಿಲ್ಲ. ಸಿನಿಮಾದಲ್ಲಿ ಹಿಂದಿನಿಂದ ಬರುವ ಸದ್ದು ಇಷ್ಟು ಹೊತ್ತು ಮಂಜಿನಂತೆ ಎಲ್ಲೆಲ್ಲೋ ಹರಡಿತ್ತು. ಈಗ ಕುದುರೆಯ ಗೊರಸಿನ ಸದ್ದು ಬಲಗಡೆಯಿಂದ ಬಂದು ಬಲಗಡೆಯೇ ನಿಂತಿತು. ಶಿವಶರಣಪ್ಪನವರು ತಿರುಗಿ ನೋಡಿ ನಕ್ಕರು. ನಿನ್ನೆಯಿಂದ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಗೋದಾವರಿಯವರ ಪರೀಕ್ಷೆ ಅಲ್ಲಿಗೂ ಮುಗಿಯಲಿಲ್ಲ. ಚಿಕ್ಕ ರಿಸೀವರನ್ನೂ ತರಿಸಿದರು. ಅದರ ಮೈಕೂ ದೂರವನ್ನು ಸರಿಯಾಗಿಯೇ ಹೇಳಿತು. ಮಾತೂ ಅಷ್ಟೇ ಸ್ಪಷ್ಟವಾಗಿತ್ತು. ವೂಫರ್ ಮಾತ್ರ ಮೂಲೆಯಲ್ಲಿ ಗುಂಯ್‌ಗುಟ್ಟಿ ಶೋಕೇಸಿನ ಚಹಾದ ಕಪ್-ಬಸಿಗಳನ್ನು ನಡುಗಿಸಿತು. "ನೋಡ್ರಿ ಕಾಕು, ಇದಕ್ಕೇ ನಾ ದೊಡ್ಡದು ಅಂದಿದ್ದು" ಎಂದ ವಿಜಯಕುಮಾರ. ಗೋದಾವರಿ ಡಬ್ಬಿಯನ್ನು ಮೂಲೆಯಿಂದ ಎಳೆದು ಸೋಫಾದ ಪಕ್ಕಕ್ಕೆ ತಂದರು, ಮತ್ತೆ ಅಳೆಸಿದರು. ಗುಂಯ್ ಅನ್ನುವುದು ಮುಕ್ಕಾಲು ಪಾಲು ಇಳಿಯಿತು. ಪೂರ್ತಿ ಹೋಗಲಿಲ್ಲ. ಉಳಿದಷ್ಟು ಇರಲಿ, ಹಾಡಿಗೆ ಅದೇ ಚಂದ ಎಂದರು ಶಿವಶರಣಪ್ಪ. ವಿಜಯಕುಮಾರ ಕಾಕುವಿನ ಮುಖ ನೋಡಿ, ದೊಡ್ಡ ರಿಸೀವರನ್ನು ಪೆಟ್ಟಿಗೆಗೆ ಹಾಕತೊಡಗಿದ.

ಚಿಕ್ಕದೇ ಮನೆಯಲ್ಲಿ ಉಳಿಯಿತು. ಸಿನಿಮಾಕ್ಕೆ ಯಂತ್ರದ ತಿದ್ದುಪಡಿ ಹಚ್ಚುವುದು, ಹಾಡಿಗೆ ಆರಿಸುವುದು ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡರು. ವಿಜಯಕುಮಾರನ ಹತ್ತಿರ ಕೊಂಡದ್ದೇಕೆ ಎಂದು ಗೋದಾವರಿಯವರ ತಂಗಿ ಶಿವದೇವಿ ಕೇಳಿದಾಗ, "ಒಮ್ಮೆ ಸಿಕ್ಕಿಬಿದ್ದಾವ ಮುಂದ ಸ್ವಲ್ಪ ದಿನಾ ಸರಿ ಇರ್ತಾನ" ಎಂದು ಗೋದಾವರಿ ಉತ್ತರಿಸಿದರು. ಎಷ್ಟು ದಿನ ಎಂಬುದನ್ನು ಹೇಳಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವಿಜಯಕುಮಾರನ ಫೋನು ಬಂತು. ಗಚ್ಚಿಬೌಲಿಯ ಯಾವುದೋ ಮನೆಯಲ್ಲಿ ಸ್ಪೀಕರ್ ಹಚ್ಚುತ್ತಿದ್ದ. "ಕಾಕು, ಇಲ್ಲೂ ಅದs ಎಚ್ಚರಿಕಿ ಬಂತು. ಈ ಸಲ ಬಿಚ್ಚೇ ನೋಡಿದೆ. ವೈರು ಸರಿನೇ ಐತಿ, ಇಲ್ಲಿ ಯಂತ್ರಾನೇ ತಪ್ಪು ತಿಳಕೊಂಡೈತಿ" ಎಂದ. ದನಿಯಲ್ಲಿ ಹೆಮ್ಮೆಯಿತ್ತು. ಅಥವಾ ಹೆಮ್ಮೆಯಂತೆ ಕೇಳಿಸುವ ಏನೋ ಒಂದು. ನಿಜಕ್ಕೂ ಬಿಚ್ಚಿ ನೋಡಿದನೋ, ತನ್ನನ್ನು ಒಲಿಸಿಕೊಳ್ಳಲು ಹೇಳುತ್ತಿದ್ದಾನೋ ಎಂದು ಗೋದಾವರಿಯವರಿಗೆ ತಿಳಿಯಲಿಲ್ಲ.

"ಛಲೋ ಆತು ನೋಡು" ಎಂದರು. ಆಮೇಲೆ, "ಒಂದು ಫೋಟೋ ತಗದು ಕಳಸು" ಎಂದರು.

ಫೋಟೋ ಬಂತು. ಗೋದಾವರಿಯವರು ಕನ್ನಡಕ ಏರಿಸಿಕೊಂಡು, ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿ, ಕೆಂಪು ಗೆರೆ ಯಾವ ತಿರುಪಿಗೆ ಸೇರಿದೆ ಎಂದು ನೋಡುತ್ತ ಕೂತರು.