ನಾಲ್ಕು ಏಟಿಗೊಂದು ಬೀಜ

ಇವತ್ತು ಶಿರಾ ಸಂತೆಯಲ್ಲಿ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಧುಗಿರಿಯ ನಮ್ಮ ಹಿತ್ತಿಲು ಕಣ್ಣ ಮುಂದೆ ಬಂತು. ಅಕ್ಕನೂ ನಾನೂ ರಾಕ್ ಬ್ಯಾಂಡ್ ಕಟ್ಟಿದ್ದು ಅಲ್ಲೇ. ಮೂರೇ ತಂತಿ ಉಳಿದಿದ್ದ ಗಿಟಾರಿಗೆ ಅಕ್ಕ, ಕಿರುಚಲು ನಾನು. ಡ್ರಮ್ ಎಲ್ಲಿಂದ ಬರಬೇಕು? ಅಜ್ಜಿ ಕಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟುವ ಸದ್ದೇ ನಮಗೆ ತಾಳ. ನಾಲ್ಕು ಏಟಿಗೊಮ್ಮೆ ಅವಳ ಕೈ ನಿಲ್ಲುತ್ತಿತ್ತು.

"ತಡೀರೇ, ಬೀಜ ತೆಗ್ಯಾಕ್ ಬುಡಿ. ಹಾಡೇನ್ ಓಡೋಗ್ತದಾ?"

ನಾವೂ ಅಲ್ಲೇ ನಿಲ್ಲುತ್ತಿದ್ದೆವು. ನಮ್ಮ ಹಾಡುಗಳೆಲ್ಲ ಹಾಗೆ ನಿಂತು ನಿಂತೇ ಹುಟ್ಟಿದವು.

ಅಜ್ಜಿ ಈಗಿಲ್ಲ. ಸಂತೆಯಿಂದ ಪ್ರಾಕ್ಟೀಸಿಗೆ ಹೋದರೆ, ಡ್ರಮ್ ಬಾರಿಸಲು ಹೊಸದಾಗಿ ಬಂದ ಹುಡುಗಿ ಕೇಳಿದಳು: "ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲಕ್ಕಾ, ತುಂಬಿಸ್ಲಾ?"

"ಬ್ಯಾಡ ಕಣಮ್ಮ," ಎಂದಳು ಅಕ್ಕ. "ಅಲ್ಲಿ ನಮ್ಮಜ್ಜಿ ಬೀಜ ತೆಗೀತಾವ್ಳೆ."